ಪಂಕ್ತಿ ಎಬ್ಬಿಸುವ ಬ್ಯಾಂಡ್

1997ರಲ್ಲಿ ನಾನು ಓದು ಬಿಟ್ಟೆ. ಪ್ಲಸ್ ವನ್, ಅಂದರೆ ಮೊದಲ ಪಿಯುಸಿ, ಇನ್ನೂ ಅರ್ಧದಲ್ಲಿತ್ತು. ಫೇಲಾಗಿ ಬಿಟ್ಟವನಲ್ಲ, ಬಿಟ್ಟಿದ್ದರಿಂದ ಫೇಲಾಗುವುದು ತಪ್ಪಿತು. ಈ ವ್ಯತ್ಯಾಸವನ್ನು ಇಂದಿಗೂ ಗಟ್ಟಿಯಾಗಿ ಹೇಳುತ್ತೇನೆ. ಹಗಲು ಚೆನ್ನೈನ ಗಿಂಡಿ ಬಡಾವಣೆಯ ವರ್ಕ್‌ಶಾಪಿನಲ್ಲಿ ಲೇತ್ ಕೆಲಸ, ಸಂಜೆ ಬೇಸ್ ಗಿಟಾರ್. ನಮ್ಮದು ನಾಲ್ವರ ಬ್ಯಾಂಡ್. ಪಂಕ್‌ನ ಸಿಟ್ಟು, ಫಂಕ್‌ನ ಕುಣಿತ, ನಡುವೆ ನಾದಸ್ವರದ ಜೊತೆ ಬಾರಿಸುವ ಒಂದು ತವಿಲ್. ಕೇಳಿದವರು ಒಳಗೆ ಏನೋ ರಿಪೇರಿ ನಡೆದಿದೆ ಎಂದುಕೊಳ್ಳುತ್ತಿದ್ದರು. ನಾನು ಮಾತ್ರ, ಈ ಊರಿಗೆ ನಮ್ಮ ಸಂಗೀತ ತಿಳಿಯಲು ಇನ್ನೂ ಕಾಲ ಬೇಕು ಎಂದು ಊರಿನ ಮೇಲೆಯೇ ಮರುಕಪಡುತ್ತಿದ್ದೆ.

ಸಿನಿಮಾ ಹಾಡು ನುಡಿಸುವುದಿಲ್ಲ ಎಂಬುದು ನನ್ನ ಕಟ್ಟುನಿಟ್ಟು. ಹಾಗಾಗಿ ನಮ್ಮನ್ನು ಯಾರೂ ಕರೆಯುತ್ತಿರಲಿಲ್ಲ. ಮೂರು ವರ್ಷ ಸಹಿಸಿದ ಡ್ರಮ್ಮರ್ ಒಂದು ದಿನ ಹೇಳಿಯೇಬಿಟ್ಟ:

"ಮಚ್ಚಿ, ಸಿನಿಮಾ ಹಾಡಿನ ಟ್ರೂಪ್‌ನೋರು ಕರೀತಿದಾರೆ. ನಮಗೆ ಹೇಗೋ ಸಿಕ್ಕಿರೋ ಈ ಕ್ರೋಂಪೇಟೆ ಮದುವೆ ರಿಸೆಪ್ಷನ್ ಒಂದು ನೋಡ್ತೀನಿ. ಅದರಿಂದ ಇನ್ನೊಂದು ಪ್ರೋಗ್ರಾಮ್ ಬರ್ಲಿಲ್ಲ ಅಂದ್ರೆ ನಾನು ಹೊರಟೆ. ಒಂದೇ ಒಂದು ಸಿನಿಮಾ ಹಾಡು ಹಾಕೋಣ್ವಾ?"

"ಅದಕ್ಕಿಂತ ಬ್ಯಾಂಡ್ ಮುಚ್ಚೋಣ" ಎಂದೆ. ಅಂದ ಮೇಲೆ ಹೊಳೆಯಿತು: ಅವನಿಲ್ಲದೆ ಬ್ಯಾಂಡ್ ಎಲ್ಲಿಯದು?

ರಿಸೆಪ್ಷನ್‌ನಲ್ಲಿ ಎರಡನೆಯ ಹಾಡಿಗೇ ಹುಡುಗಿಯ ಅಜ್ಜಿ ಕಿವಿ ಮುಚ್ಚಿಕೊಂಡರು. ಹುಡುಗಿಯ ತಂದೆ ಬಂದು, ಸ್ವಲ್ಪ ಕೆಳಗೆ ಹೋಗಿ ನುಡಿಸಿ ಎಂದು ತಮಿಳಿನಲ್ಲಿ ಬಹಳ ಮರ್ಯಾದೆಯಿಂದ ಹೇಳಿದರು. ಕೆಳಗಿದ್ದದ್ದು ಊಟದ ಮನೆ. ಕೈ ತೊಳೆಯುವ ನಲ್ಲಿಗಳ ಪಕ್ಕ ಡ್ರಮ್ ಹೂಡಿ, ಅವಮಾನಕ್ಕೆ ಇನ್ನಷ್ಟು ಜೋರಾಗಿ ಹೊಡೆದೆವು.

ಕಣ್ಣು ಬಿಟ್ಟು ನೋಡುತ್ತೇನೆ, ಇಡೀ ಸಾಲಿನವರ ಕೈ ತಾಳಕ್ಕೆ ಸರಿಯಾಗಿ ಬಾಯಿಗೆ ಹೋಗುತ್ತಿದೆ! ಸಾಂಬಾರು, ರಸಂ, ಮೊಸರು, ಎದ್ದರು. ಮುಂದಿನ ಪಂಕ್ತಿಯೂ ಹಾಗೆಯೇ. ಕೊನೆಗೂ ಫಂಕ್ ಜನರ ಮೈಗೆ ಹತ್ತಿತು ಎಂದು ನನ್ನ ಎದೆ ಉಬ್ಬಿತು.

ನಿಲ್ಲಿಸಿದಾಗ ಅಡುಗೆ ಕಂಟ್ರಾಕ್ಟರ್ ಸೌಟು ಹಿಡಿದೇ ಬಂದರು. ದಾವಣಗೆರೆ ಕಡೆಯವರು.

"ಏನ್ ತಮ್ಮಾ, ಮುಂದಿನ ಮುಹೂರ್ತಕ್ಕೆ ನಿಮ್ಮ ಬ್ಯಾಂಡ್ ಖಾಲಿ ಐತೇನು?"

"ಸಂಗೀತ ಇಷ್ಟ ಆಯ್ತಾ ಅಣ್ಣಾ?"

"ಸಂಗೀತಾನಾ? ಅದ್ ಬಿಡು. ಎಲೆ ಮುಂದೆ ಕುಂತು ಹರಟೆ ಹೊಡೆಯೋ ಜನ ಇವು. ಇವತ್ತು ಒಬ್ಬರ ಮಾತು ಒಬ್ಬರಿಗೆ ಕೇಳಂಗಿಲ್ಲ, ಗಬಗಬ ತಿಂದು ಎದ್ದಾರೆ ನೋಡು. ಹೊರಗೆ ಕಾಯೋರೇ ಇಲ್ಲ!"

ಡ್ರಮ್ಮರ್ ನನ್ನ ಮುಖ ನೋಡಲಾರದೆ ಸಿಂಬಲ್ ಒರೆಸತೊಡಗಿದ. ನಾನು ಇದ್ದಬದ್ದ ಗತ್ತನ್ನೆಲ್ಲ ಒಟ್ಟುಗೂಡಿಸಿ, "ಸಿನಿಮಾ ಹಾಡು ಮಾತ್ರ ನುಡಿಸಲ್ಲ" ಎಂದೆ.

"ಅಯ್ಯ, ಬ್ಯಾಡೇ ಬ್ಯಾಡ! ಗೊತ್ತಿರೋ ಹಾಡಾದ್ರೆ ಕುಂತು ಕೇಳ್ತಾರೆ. ನೀವು ಇದನ್ನೇ ಹೊಡೀರಿ."

"ಹೊಡೀತೀವಿ ಅಣ್ಣಾ" ಎಂದು ಡ್ರಮ್ಮರ್ ನನಗಿಂತ ಮೊದಲೇ ಹೇಳಿದ. ಟ್ರೂಪ್ ಸೇರುವ ಮಾತನ್ನು ಅವನು ಮತ್ತೆ ಎತ್ತಲಿಲ್ಲ.

ನಮ್ಮ ಜೊತೆ ಶುರುವಾದ ಬ್ಯಾಂಡ್‌ಗಳೆಲ್ಲ ಒಡೆದುಹೋದವು. ಅವರ ಹಾಡು ಜನಕ್ಕೆ ಇಷ್ಟವಾಗಿ ಪಂಕ್ತಿ ಏಳದೆ ಹೋಗಿರಬೇಕು. ನೀವು ಹೇಗೆ ಉಳಿದಿರಿ ಎಂದು ಕೇಳಿದರೆ, ರಾಜಿ ಮಾಡಿಕೊಳ್ಳಲಿಲ್ಲ ಎನ್ನುತ್ತೇನೆ. ಸುಳ್ಳೇನಲ್ಲ.

ಈಗ ನನ್ನ ಬಳಿ ಎರಡು ಬೇಸ್ ಗಿಟಾರ್, ಒಂದು ಹಳೆಯ ವ್ಯಾನ್, ಅದೇ ಮೂವರು ಜೊತೆಗಾರರು, ಮೂವತ್ತೊಂದು ಸ್ವಂತ ಹಾಡುಗಳಿವೆ. ಅವನ್ನು ಕೂತು ಪೂರ್ತಿ ಕೇಳಿದವರು ಈವರೆಗೆ ಇಬ್ಬರು.