ಸಾಹುಕಾರರ ಅಳಿಯನ ಪಗಾರ

ರಾಯಚೂರಿನ ಅಮರೇಶಪ್ಪ ಸಾಹುಕಾರರ ಲಾರಿ ಕಂಪನಿಗೆ ಗುಲಾಮ್ ದಸ್ತಗೀರ್ ಟ್ರಾಫಿಕ್ ಮ್ಯಾನೇಜರ್. ಯಾವ ಲಾರಿ ದೇವದುರ್ಗದ ಹತ್ತಿಗೆ, ಯಾವುದು ಮಾನ್ವಿಯ ಭತ್ತಕ್ಕೆ ಎಂದು ಹೇಳುವವನು ಅವನೇ. ಎಂಬತ್ತೆರಡನೇ ಇಸವಿಯಲ್ಲಿ ಸಾಹುಕಾರರು ತಮ್ಮ ಅಳಿಯನನ್ನು ಮಾನ್ವಿ ಆಫೀಸಿನಲ್ಲಿ ಅದೇ ಕೆಲಸಕ್ಕೆ ಕೂರಿಸಿ, ಇವನ ಎರಡು ಪಟ್ಟು ಪಗಾರ ಕೊಟ್ಟರು.

ದಸ್ತಗೀರ್ ಹೋಗಿ ಕೇಳಿದ.

"ಅವ ಮನಿ ಅಳಿಯ ಅದಾನ. ನೀ ಬಿಟ್ಟು ಹೋದ್ರ ಯಾರ್ ಕರೀತಾರಲೇ ನಿನ್ನ?" ಎಂದು ಸಾಹುಕಾರರು ಡ್ರೈವರುಗಳ ಮುಂದೆಯೇ ನಕ್ಕರು.

ಅವನು ಅವತ್ತೇ ಕೆಲಸ ಬಿಟ್ಟು ಎದುರಾಳಿ ಕಂಪನಿ ಸೇರಿದ. ಸುಗ್ಗಿ ಬಂದಾಗ ಸಿರವಾರದ ಅಕ್ಕಿ ಗಿರಣಿಗಳಿಗೂ ಗಬ್ಬೂರಿನ ಹತ್ತಿ ವ್ಯಾಪಾರಿಗಳಲ್ಲಿಗೂ ತಾನೇ ಹೋದ. ವರ್ಷಗಟ್ಟಲೆ ಮಾಲು ಹೊತ್ತಿಗೆ ಮುಟ್ಟಿಸಿದವನ ಮಾತನ್ನು ಯಾರೂ ತೆಗೆದುಹಾಕಲಿಲ್ಲ; ಮಾಲೆಲ್ಲ ಅವನ ಹೊಸ ಕಂಪನಿಯ ಲಾರಿ ಹತ್ತಿತು. ಸಾಹುಕಾರರ ಲಾರಿಗಳು ಲೋಡಿಲ್ಲದೆ ನಿಂತವು.

ಸಾಹುಕಾರರು ಅವನ ಮನೆಗೇ ಬಂದರು. "ಅಳಿಯನಕಿಂತ ಹೆಚ್ಚಿಗಿ ಕೊಡ್ತೀನಿ, ಬಾರಪಾ."

"ಚಾ ಕುಡೀರಿ. ನಾ ಬರೂದಿಲ್ರಿ," ಎಂದ ದಸ್ತಗೀರ್.

ಮರುವರ್ಷ ಅವರು ಲಾರಿಗಳನ್ನು ಮಾರಿದರು. ಅವನು ರಜೆ ಹಾಕಿ ಹೋಗಿ, ಕೊನೆಯ ಲಾರಿ ಹೊರಡುವವರೆಗೂ ನಿಂತು ನೋಡಿದ. ಕೆಲಸ ಕಳೆದುಕೊಂಡ ಹಳೆಯ ಡ್ರೈವರ್ ಕನಕಪ್ಪ ಪಕ್ಕಕ್ಕೆ ಬಂದು, "ಈಗರೆ ಸಮಾಧಾನ ಆತೇನ್ರಿ?" ಎಂದ.

"ಎಲ್ಲಿ ಆತೋ ಕನಕಪ್ಪ? ಅವ್ರ ಮನಿ ಇನ್ನಾ ಉಳದದಲ್ಲ."