ದೊಡ್ಡಮ್ಮನ ಬಟ್ಟೆ ಕ್ಲಿಪ್ಪುಗಳು

ನಮ್ಮ ದೊಡ್ಡಮ್ಮನ ಕೆಲಸ ಏನೆಂದು ಯಾರಾದರೂ ಕೇಳಿದರೆ ದೊಡ್ಡಪ್ಪ, "ಊರವರಿಗೆಲ್ಲ ಹಾಸಿಗೆ ಕೊಡ್ತಾಳೆ, ನನ್ನ ಹಾಸಿಗೆ ಮಾತ್ರ ನಾನೇ ಹಾಸ್ಕೋತೀನಿ" ಎನ್ನುತ್ತಿದ್ದ. ಮಾತು ಸುಳ್ಳಲ್ಲ. ದೇಶದ ಒಂದು ತುದಿಯಿಂದ ಇನ್ನೊಂದು ತುದಿಗೆ ನಾಲ್ಕು ದಿನ ಓಡುವ ಗಾಡಿಯ ಬೋಗಿಯೊಂದರಲ್ಲಿ ಅವಳು ಅಟೆಂಡರ್. ಹತ್ತಿದವರಿಗೆ ಒಗೆದ ಬೆಡ್‌ಶೀಟು, ದಿಂಬು, ಕಂಬಳಿ ಕೊಡುವುದು, ಇಳಿಯುವಾಗ ವಾಪಸು ತೆಗೆದುಕೊಳ್ಳುವುದು, ನಡುವೆ ನಲ್ಲಿ ಸೋರಿದರೆ, ಮಗು ಅತ್ತರೆ, ಮೇಲಿನ ಬರ್ತಿನವರಿಗೂ ಕೆಳಗಿನ ಬರ್ತಿನವರಿಗೂ ಜಗಳ ಹತ್ತಿದರೆ ಹೋಗಿ ನಿಲ್ಲುವುದು. ನಮ್ಮೂರು ಆ ದಾರಿಯ ನಟ್ಟನಡುವೆ ಸಿಗುತ್ತದೆ. ಅಲ್ಲೇ ಸಿಬ್ಬಂದಿ ಬದಲಾಗುವುದು. ದೊಡ್ಡಮ್ಮ ಇಲ್ಲಿ ಹತ್ತಿ ಕೊನೆಯ ಸ್ಟೇಷನ್ನಿಗೆ ಹೋಗಿ, ಅದೇ ಗಾಡಿಯಲ್ಲಿ ವಾಪಸು ಬಂದು, ಬೋಗಿಯನ್ನು ಮುಂದಿನವರಿಗೆ ಒಪ್ಪಿಸಿ ಮನೆಗೆ ಬರುತ್ತಿದ್ದಳು. ಹೀಗೆ ಅವರ ಸಂಸಾರ ಮದುವೆಯಾದ ಲಾಗಾಯ್ತಿನಿಂದ ಒಂದು ವಾರ ಇದ್ದು ಒಂದು ವಾರ ಇಲ್ಲದೆ ನಡೆದಿತ್ತು. "ಅದಕ್ಕೇ ಇಷ್ಟು ವರ್ಷ ಬಾಳಿಕೆ ಬಂದಿದೆ" ಎಂದು ನಮ್ಮಮ್ಮ ತಂಗಿಯ ಸಲಿಗೆಯಲ್ಲಿ ರೇಗಿಸುತ್ತಿದ್ದಳು.

ದೊಡ್ಡಪ್ಪ ಬೀಗ ರಿಪೇರಿಯವನು. ಬಟ್ಟೆ ಅಂಗಡಿಯೊಂದರ ಮೆಟ್ಟಿಲ ಕೆಳಗೆ, ನೆಟ್ಟಗೆ ನಿಂತರೆ ತಲೆ ತಗಲುವ ಗೂಡಿನಲ್ಲಿ ಅವನ ಅಂಗಡಿ. ಮಧ್ಯಾಹ್ನ ಊಟವಾದ ಮೇಲೆ ಗಿರಾಕಿ ಬಂದು ಕೌಂಟರ್ ಬಡಿದರೂ ಏಳುವ ಪೈಕಿಯಲ್ಲ. ಕುಂಭಕರ್ಣ ಎಂದರೆ ಅವನಿಗೆ ಬೇಜಾರೂ ಇಲ್ಲ. ಹೆಂಡತಿಯ ಮೇಲೆ ಅವನಿಗಿದ್ದ ದೂರು ಒಂದೇ. ಹಿತ್ತಲಿನ ತಂತಿಯ ಮೇಲಿನ ಬಟ್ಟೆ ಕ್ಲಿಪ್ಪುಗಳು ಅವಳು ಡ್ಯೂಟಿಗೆ ಹೋದಾಗಲೆಲ್ಲ ಮಾಯವಾಗುತ್ತಿದ್ದವು. "ಗಾಡೀಲಿ ಏನು ಧೋಬಿಖಾನೆ ಇಟ್ಟಿದ್ದೀಯಾ?" ಎಂದು ಗೊಣಗುತ್ತ ಹೊಸ ಕ್ಲಿಪ್ಪು ತರುತ್ತಿದ್ದ. ಅವರಿಗೆ ಮಕ್ಕಳಿರಲಿಲ್ಲ. ಇಬ್ಬರ ಮುದ್ದೂ ಬೈಗುಳವೂ ನನ್ನ ಪಾಲಿಗೇ ಬಂದಿದ್ದವು.

ದೊಡ್ಡಮ್ಮ ರಿಟೈರಾದಳು. ಅವತ್ತಿನಿಂದ ಅವಳ ನಿದ್ದೆ ಹೋಯಿತು.

ಮೊದಮೊದಲು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಆಮೇಲೆ ಕಣ್ಣ ಕೆಳಗೆ ಕಪ್ಪು ಬಂತು, ರವಿಕೆಗಳೆಲ್ಲ ಸಡಿಲವಾದವು, ಒಮ್ಮೆ ಬಸ್ಸಿಳಿಯುವಾಗ ತಲೆ ಸುತ್ತಿ ಬಿದ್ದು ಮೊಣಕಾಲು ಒಡೆದುಕೊಂಡಳು. ಡಾಕ್ಟರು ಕೊಟ್ಟ ಮಾತ್ರೆಯಿಂದ ಮಂಪರು ಬಂತೇ ಹೊರತು ನಿದ್ದೆ ಬರಲಿಲ್ಲ. ಗಾಡಿಯ ತೂಗಾಟ ಇಲ್ಲದ್ದಕ್ಕೆ ಹೀಗಾಗಿದೆ ಎಂದು ನಮ್ಮಮ್ಮ ತೀರ್ಪು ಕೊಟ್ಟಳು. ದೊಡ್ಡಪ್ಪ ಅದನ್ನೂ ನಂಬಿ ಕುರ್ಚಿಯಲ್ಲಿ ಕೂತು ಕಾಲಿನಿಂದ ಮಂಚ ಅಲ್ಲಾಡಿಸಿದ. ಅವಳಿಗಿಂತ ಮೊದಲು ಅವನೇ ನಿದ್ದೆ ಹೋದ. ಮಂಚದ ಒಂದು ಕಾಲು ಸಡಿಲವಾದದ್ದೇ ಲಾಭ.

ಒಂದು ದಿನ ನಾನು ಅಂಗಡಿಗೆ ಹೋದಾಗ ದೊಡ್ಡಪ್ಪ ಕೀಲಿಯೊಂದನ್ನು ಅರದಿಂದ ಉಜ್ಜುತ್ತ, ತಲೆ ಎತ್ತದೆ ಅಂದ: "ಬಂದು ಹೋಗೋಕೆ ನಮ್ಮನೆ ಸಾಕಾಗಿತ್ತು ಕಣೇ ಅವಳಿಗೆ. ಇರೋಕೆ ಸಾಲದು ಅಂತ ಕಾಣುತ್ತೆ."

 ಅವಳಿಗೆ ರೈಲ್ವೆ ಪಾಸಿದೆಯಲ್ಲ, ಅದೇ ಗಾಡಿಯಲ್ಲಿ ಮೂವರೂ ಹೋಗಿ ಬರೋಣ ಎಂದೆ. ಅವನು ಒಪ್ಪಿದ, ಆದರೆ ಮುಖ ಸಣ್ಣದಾಯಿತು. ಗಾಡಿಯಲ್ಲಿ ಅವಳಿಗೆ ನಿದ್ದೆ ಬಂದರೆ ಆರೋಗ್ಯಕ್ಕೆ ಒಳ್ಳೆಯದು, ಅವನ ಮನೆಗೆ ಮಾತ್ರ ಅವಮಾನ. ಅವಳು ಮಲಗಲಿ ಎಂದೂ ಮಲಗದಿರಲಿ ಎಂದೂ ಒಟ್ಟಿಗೇ ಬಯಸುತ್ತ ಆ ಮನುಷ್ಯ ಬಟ್ಟೆ ಕಟ್ಟಿಕೊಂಡ.

ದೊಡ್ಡಮ್ಮನಿಗೆ ಬಹಳ ದಿನದ ಮೇಲೆ ಹುರುಪು ಬಂತು. ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಪಾಠ ಮಾಡಿದಳು. "ಗಟ್ಟಿ ಪೆಟ್ಟಿಗೆ ಬೇಡ, ಬರ್ತಿನ ಕೆಳಗೆ ಹೋಗಲ್ಲ. ಕತ್ತಲಲ್ಲಿ ಕಾಲಿಗೇ ಸಿಗೋ ಅಂಥ ಚಪ್ಪಲಿ ಹಾಕ್ಕೊಳ್ಳಿ. ಎರಡನೇ ದಿನ ನಲ್ಲೀಲಿ ನೀರು ಸಣ್ಣದಾಗುತ್ತೆ, ಅದಕ್ಕೆ ಮುಂಚೆ ಮುಖ ತೊಳ್ಕೊಬೇಕು. ಇಳಿಯೋ ದಿನಕ್ಕೆ ಅಂತ ಒಂದು ಜೊತೆ ಬಟ್ಟೆ ಮುಟ್ಟದೆ ಇಟ್ಟಿರಿ. ಮೊದಲ ದಿನ ಎಲ್ಲರೂ ಅವರವರ ಸೀಟು ಕಾಯ್ತಾರೆ, ಮಾತಾಡಲ್ಲ. ಎರಡನೇ ದಿನ ಸೊಸೆ ಜಾತಕಾನೆಲ್ಲ ಬಿಚ್ತಾರೆ. ನೀವು ಮೊದಲ ದಿನವೇ ನಿಮ್ಮ ಕಥೆ ಹೇಳಿ ಮುಗಿಸಬೇಡಿ, ಆಮೇಲೆ ಮುಖ ಮುಖ ನೋಡ್ಕೊಂಡು ಕೂರಬೇಕಾಗುತ್ತೆ. ಇಳಿದ ಮೇಲೂ ನೆಲ ಓಡ್ತಾ ಇರುತ್ತೆ, ಹೆದರಬಾರದು."

ಇಷ್ಟೆಲ್ಲ ಹೇಳಿದವಳು ಗಂಡನ ಬುದ್ಧಿಯೊಂದನ್ನು ಮರೆತಿದ್ದಳು. ಗಾಡಿ ಹೊರಟು ಹಸಿವಾದಾಗ ನೋಡಿದರೆ ಬ್ರೆಡ್ಡು, ಬೇಯಿಸಿದ ಮೊಟ್ಟೆ, ಬಾಳೆಹಣ್ಣು ಇದ್ದ ಚೀಲಕ್ಕೂ ದೊಡ್ಡಪ್ಪ ಬೀಗ ಜಡಿದಿದ್ದ. ಕೀಲಿ ಅಂಗಡಿಯ ಮೊಳೆಯ ಮೇಲೆ ನೇತಾಡುತ್ತಿತ್ತು. ಅವನು ಅವಳ ತಲೆಯಿಂದ ಪಿನ್ನೊಂದನ್ನು ಎಳೆದು ಕಣ್ಣು ಮಿಟುಕಿಸುವಷ್ಟರಲ್ಲಿ ಬೀಗ ತೆಗೆದ. ಎದುರು ಸೀಟಿನ ದಪ್ಪನೆಯ ಯಜಮಾನರು ತಮ್ಮ ಸೂಟ್‌ಕೇಸನ್ನು ಮೆಲ್ಲಗೆ ಕಾಲಿನ ಹಿಂದಕ್ಕೆ ಸರಿಸಿಕೊಂಡರು. ದೊಡ್ಡಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಆದರೆ ಅವತ್ತು ರಾತ್ರಿಯೂ ಅವಳು ಮಲಗಲಿಲ್ಲ. ಗಾಡಿ ಬೇಕಾದಷ್ಟು ತೂಗಿತು, ಪ್ರಯೋಜನವಾಗಲಿಲ್ಲ. ಬೆಳಗ್ಗೆ ಅವಳ ಕೆಂಪಗಿನ ಕಣ್ಣು ನೋಡಿ ದೊಡ್ಡಪ್ಪನ ಮನೆಗೆ ಅಂಟಿದ್ದ ಕಳಂಕ ಹೋಯಿತು ಎಂದುಕೊಂಡೆ. ಅವನಿಗೆ ಅದರ ನೆನಪೇ ಇರಲಿಲ್ಲ. ಅವಳ ಕೈಗೆ ಚಹಾದ ಲೋಟ ಕೊಟ್ಟು, ಅವಳು ಕುಡಿದು ಮುಗಿಸುವ ತನಕ ಲೋಟದ ಕೆಳಗೆ ತನ್ನ ಕೈ ಹಿಡಿದೇ ಇದ್ದ. ಅವನಿಗೆ ಈಗ ನಿಜವಾಗಿ ಹೆದರಿಕೆಯಾಗಿತ್ತು.

ಎರಡನೇ ದಿನದ ಮಧ್ಯಾಹ್ನ. ಊಟ ಮುಗಿದು ಬೋಗಿಯೆಲ್ಲ ತೂಕಡಿಸುತ್ತಿತ್ತು. ಪಕ್ಕದ ಬರ್ತಿನಲ್ಲಿ ಕೈಗೂಸಿನ ತಾಯಿಯೊಬ್ಬಳಿದ್ದಳು. ರಾತ್ರಿಯೆಲ್ಲ ಮಗು ಎತ್ತಿಕೊಂಡು ಓಡಾಡಿ ಸುಸ್ತಾಗಿದ್ದಳು. ಅವಳು ಇಳಿಯಬೇಕಾದದ್ದು ಗಾಡಿ ನಿಂತ ಹಾಗೆ ಮಾಡಿ ಹೊರಟುಬಿಡುವ ಸಣ್ಣ ಸ್ಟೇಷನ್.

"ಅಮ್ಮ, ಸ್ವಲ್ಪ ಕಣ್ಣು ಮುಚ್ತೀನಿ. ನಮ್ಮೂರು ಬಂದ್ರೆ ಎಬ್ಬಿಸ್ತೀರಾ?" ಎಂದು ದೊಡ್ಡಮ್ಮನನ್ನು ಕೇಳಿದಳು.

ದೊಡ್ಡಮ್ಮ ಚೀಲದಿಂದ ತಗಡಿನ ಡಬ್ಬಿಯೊಂದನ್ನು ತೆಗೆದಳು. ಅದರಿಂದ ಬಟ್ಟೆ ಕ್ಲಿಪ್ಪೊಂದನ್ನು ಆರಿಸಿ ಆ ಹುಡುಗಿಯ ಬರ್ತಿನ ಪರದೆಗೆ ಸಿಕ್ಕಿಸಿದಳು.

ದೊಡ್ಡಪ್ಪ ನೆಟ್ಟಗೆ ಕೂತ. "ಇದು ನಮ್ಮನೆ ಕ್ಲಿಪ್ಪು."

"ಹೌದ್ರೀ."

"ಇಲ್ಲೇನು ಮಾಡ್ತಿದೆ?"

ಇಷ್ಟು ವರ್ಷ ಜೊತೆಗಿದ್ದೂ ಅವನಿಗೆ ಗೊತ್ತಿರಲಿಲ್ಲ. ಯಾರನ್ನು ಎಬ್ಬಿಸಬೇಕೋ ಅವರ ಪರದೆಗೆ ಒಂದು ಕ್ಲಿಪ್ಪು. ಹತ್ತಿರದ ಸ್ಟೇಷನ್ನಿನವರಿಗೆ ಮೇಲೆ, ದೂರದವರಿಗೆ ಕೆಳಗೆ. ಎಷ್ಟೋ ಕ್ಲಿಪ್ಪುಗಳು ಪರದೆಯ ಜೊತೆ ಒಗೆಯಲು ಹೋಗಿ ಕಾಣೆಯಾಗುತ್ತಿದ್ದವು. ಒಂದೇ ಒಂದು ಸಲ ಅವಳ ಲೆಕ್ಕ ತಪ್ಪಿ, ಮದುವೆಗೆಂದು ಹೊರಟಿದ್ದವನೊಬ್ಬ ಎರಡು ಸ್ಟೇಷನ್ ಮುಂದೆ ಇಳಿದಿದ್ದನಂತೆ. ಅವನೇ ಮದುಮಗ.

"ನಮ್ಮೂರು ಬಂದಾಗ ಈ ಡಬ್ಬಿ ಮುಂದಿನವರ ಕೈಗೆ ಕೊಟ್ಟು, ಇಂಥವರು ಇಂಥಲ್ಲಿ ಇಳೀತಾರೆ ಅಂತ ಒಪ್ಪಿಸಿ ಬರ್ತಿದ್ದೆ" ಎಂದಳು ದೊಡ್ಡಮ್ಮ. "ಒಪ್ಪಿಸಿದೆ ಅಂದ್ರೆ ಮುಗೀತು. ಮನೆಗೆ ಬಂದು ತಲೆ ಕೊಟ್ರೆ ಸತ್ತ ಹಾಗೆ ನಿದ್ದೆ."

"ಈಗೇನಾಯ್ತು ಮತ್ತೆ?"

ದೊಡ್ಡಮ್ಮ ಡಬ್ಬಿಯ ಮುಚ್ಚಳ ಒತ್ತಿ ಮುಚ್ಚಿದಳು. "ಕೊನೇ ದಿನ ಆಫೀಸಿನವರೆಲ್ಲ ಪ್ಲಾಟ್‌ಫಾರಮ್ಮಿಗೆ ಬಂದಿದ್ರಲ್ಲ, ಹೂವು, ಫೋಟೋ ಅಂತ. ಆ ಕಡೆ ತಿರುಗಿ ನಿಲ್ಲಿ, ಈ ಕಡೆ ತಿರುಗಿ ನಿಲ್ಲಿ ಅನ್ನೋದ್ರಲ್ಲಿ ಗಾಡಿ ಹೊರಟುಹೋಯ್ತು. ಡಬ್ಬಿ ನನ್ನ ಕೈಯಲ್ಲೇ ಉಳೀತು. ಪರದೆಗಳ ಮೇಲೆ ಕ್ಲಿಪ್ಪು ಇತ್ತು ಕಣ್ರೀ. ಕೆಳಗಿನ ಬರ್ತಲ್ಲಿ ಒಬ್ಬ ಅಜ್ಜಿ ಇದ್ರು, ಕಿವಿ ಸರಿಯಾಗಿ ಕೇಳಿಸ್ತಿರಲಿಲ್ಲ. ಇಳಿದ್ರೋ ಇಲ್ವೋ. ಈಗಲೂ ಮಲಗಿದ ಕೂಡಲೇ ಯಾರದೋ ಸ್ಟೇಷನ್ ಬರ್ತಾ ಇದೆ, ಎಬ್ಬಿಸ್ಬೇಕು ಅನ್ಸುತ್ತೆ. ಹೇಳಿದ್ರೆ ನಗ್ತೀರಿ ಅಂತ ಸುಮ್ಮನಿದ್ದೆ."

ಯಾರೂ ನಗಲಿಲ್ಲ. ದೊಡ್ಡಪ್ಪ ಅಂಗೈ ಚಾಚಿದ.

"ಕೊಡಿಲ್ಲಿ."

"ನೀವಾ? ನಿಮ್ಮನ್ನ ಎಬ್ಬಿಸೋಕೇ ಒಬ್ಬರು ಬೇಕು."

"ಅದನ್ನ ಆಮೇಲೆ ನೋಡೋಣ. ಕ್ರಮವಾಗಿ ಒಪ್ಪಿಸು."

ದೊಡ್ಡಮ್ಮ ನನ್ನ ಮುಖ ನೋಡಿದಳು. ಆಮೇಲೆ ಡಬ್ಬಿಯನ್ನು ಅವನ ಕೈಯಲ್ಲಿಟ್ಟು, ಪರದೆಯ ಕಡೆ ಬೆರಳು ತೋರಿಸಿ, ಬರ್ತಿನ ನಂಬರು, ಸ್ಟೇಷನ್ನಿನ ಹೆಸರು, ಅದಕ್ಕೆ ಮುಂಚೆ ಸಿಗುವ ಸೇತುವೆ, ಮಗು ಇದೆ, ಚೀಲ ಎರಡಿವೆ ಎಂದೆಲ್ಲ ಡ್ಯೂಟಿಯ ದನಿಯಲ್ಲಿ ಹೇಳಿದಳು. ಕೊನೆಗೆ ದನಿ ಇಳಿಸಿ, "ಆ ಅಜ್ಜಿ..." ಎಂದಳು.

"ಅವರದೂ ಒಪ್ಕೊಂಡಿದ್ದೀನಿ. ಇನ್ನು ಡ್ಯೂಟಿ ನಂದು."

ಅವಳು ಕಾಲು ಚಾಚಿದಳು. ನಾನು ಕಂಬಳಿ ಹೊದಿಸುವಷ್ಟರಲ್ಲಿ ಅವಳ ಬಾಯಿ ಸಣ್ಣಗೆ ತೆರೆದುಕೊಂಡಿತ್ತು. ಅಷ್ಟು ತಿಂಗಳಲ್ಲಿ ಮೊದಲ ಸಲ ಅವಳ ಉಸಿರು ಸಮವಾಗಿ ಬರುವುದು ಕೇಳಿ ನನಗೆ ಅಳು ಬಂತು.

ಇನ್ನು ಈ ಕುಂಭಕರ್ಣನ ಡ್ಯೂಟಿ ನೋಡಬೇಕಿತ್ತು. ನಾನು ಎಚ್ಚರವಿರುತ್ತೇನೆ ಎಂದರೆ, "ಒಪ್ಪಿಸಿದ್ದು ನನಗೆ" ಎಂದ. ಕೂತರೆ ಕಣ್ಣು ಎಳೆಯುತ್ತದೆಂದು ನಿಂತೇ ಇದ್ದ. ಬಾಗಿಲಿಗೆ ಹೋಗಿ ಮುಖಕ್ಕೆ ಗಾಳಿ ಹಿಡಿದ. ಚಹಾ ಮಾರುವವನನ್ನು, ಟಿಸಿಯನ್ನು, ದಪ್ಪನೆಯ ಯಜಮಾನರನ್ನು, ಹೊಸ ಅಟೆಂಡರನ್ನು, ಸೇತುವೆ ಬಂತಾ ಎಂದು ಕೇಳಿ ಕೇಳಿ ಬೋಗಿಯನ್ನೇ ಎಬ್ಬಿಸಿಟ್ಟ. "ಯಜಮಾನ್ರೇ, ಈಗೆಲ್ಲ ಫೋನೇ ಕೂಗಿ ಎಬ್ಬಿಸುತ್ತೆ" ಎಂದ ಅಟೆಂಡರಿಗೆ, "ಫೋನು ಚೀಲ ಇಳಿಸಿಕೊಡುತ್ತಾ ಏನಪ್ಪ?" ಎಂದು ಕೇಳಿದ. ತಪ್ಪಬಾರದೆಂದು ಆ ತಾಯಿಯನ್ನು ಮೂರು ಸ್ಟೇಷನ್ ಮುಂಚೆಯೇ ಎಬ್ಬಿಸಿ ಬಾಗಿಲ ಬಳಿ ಕೂರಿಸಿದ. ಅವಳು ಪಾಪ, ಮಗುವನ್ನು ಮಡಿಲಲ್ಲಿಟ್ಟುಕೊಂಡು ಆಕಳಿಸುತ್ತ ಕೂತಳು. ಅವಳೂರು ಬಂದಾಗ ಚೀಲ ಇಳಿಸಿದ, ಮಗುವನ್ನು ಇಳಿಸಿದ, ಅವಳನ್ನೂ ಇಳಿಸಿದ. ಬಂದು ಪರದೆಯ ಕ್ಲಿಪ್ಪು ತೆಗೆದು, ಎರಡು ಹೆಜ್ಜೆ ಇಟ್ಟು, ಅದನ್ನು ದೊಡ್ಡಮ್ಮನ ಪರದೆಯ ಕೆಳತುದಿಗೆ ಸಿಕ್ಕಿಸಿದ.

ದೀಪ ಹಚ್ಚುವ ಹೊತ್ತಿಗೆ ದೊಡ್ಡಮ್ಮ ಅರೆಗಣ್ಣು ತೆರೆದಳು. "ರೀ, ಆ ಹುಡುಗಿ ಇಳಿದಳಾ?"

"ಇಳಿದಳು. ಕೈ ಬೀಸಿದಳು."

"ನಾವೆಲ್ಲಿದ್ದೀವಿ?"

"ನಿಂದು ಇನ್ನೂ ದೂರ ಇದೆ. ಬಂದಾಗ ನಾನು ಎಬ್ಬಿಸ್ತೀನಿ, ಮಲ್ಕೋ."

ಆ ಮಾತನ್ನು ಅವಳು ಎಷ್ಟು ಜನಕ್ಕೆ ಹೇಳಿದ್ದಳೋ. ಅವಳಿಗೆ ಯಾರೂ ಹೇಳಿರಲಿಲ್ಲ. ಕಂಬಳಿಯೊಳಗಿಂದ ಕೈ ಬಂದು ಅವನ ಮೊಣಕಾಲನ್ನು ಒಮ್ಮೆ ತಟ್ಟಿತು. ಆಮೇಲೆ ಅವಳು ಗೋಡೆಯ ಕಡೆ ಮಗ್ಗುಲಾದಳು.

ಈಗ ಮನೆಯಲ್ಲೂ ಇದೇ ಪದ್ಧತಿ. ಮಲಗುವ ಮುಂಚೆ ಡಬ್ಬಿ ಅವಳ ಕೈಯಿಂದ ಅವನ ಕೈಗೆ ಹೋಗುತ್ತದೆ. "ಒಪ್ಪಿಸಿದ್ದೀನಿ" ಎನ್ನುತ್ತಾಳೆ. "ಒಪ್ಕೊಂಡಿದ್ದೀನಿ" ಎಂದವನು ಅವಳಿಗಿಂತ ಮೊದಲೇ ಗೊರಕೆ ಹೊಡೆಯುತ್ತಾನೆ. ಅದು ಗೊತ್ತಿದ್ದೂ ಅವಳಿಗೆ ನಿದ್ದೆ ಬರುತ್ತದೆ.