ಉತ್ತರ ಗೋಡೆಯ ಪುಣ್ಯಾತ್ಮ

ಕೆರಿನ್ ಟ್ರಿಫಿಟ್ ಯಾವ ಮನೆಗೆ ಹೋದರೂ ಮೊದಲು ಮಾಡುವ ಕೆಲಸ ಬೈಯುವುದು. ಮನೆಯವರನ್ನಲ್ಲ, ತನಗಿಂತ ಮುಂಚೆ ಅಲ್ಲಿ ತಂತಿ ಎಳೆದು ಹೋದವರನ್ನು. ಪೆಟ್ಟಿಗೆಯ ಮುಚ್ಚಳ ಬಿಚ್ಚಿ, ಹಣೆಯ ಮೇಲಿದ್ದ ಕನ್ನಡಕವನ್ನು ಮೂಗಿಗೆ ಇಳಿಸಿ, "ಯಾವ ಪುಣ್ಯಾತ್ಮ ಇದನ್ನ ಮಾಡಿದ್ದು?" ಎಂದು ಕೇಳುವಳು. ಡಾಕ್ಟರು ನಾಲಿಗೆ ಚಾಚಲು ಹೇಳುವ ಹಾಗೆ ಇದು. ನಮ್ಮ ಟಾಸ್ಮೇನಿಯಾದಲ್ಲಿ ಹೀಗೆ ಬೈಯದ ಎಲೆಕ್ಟ್ರಿಷಿಯನ್‌ನನ್ನು ಯಾರೂ ನಂಬುವುದಿಲ್ಲ.

ಅವಳು ನನ್ನ ಶಿಷ್ಯೆ. ಏಳನೆಯ ತರಗತಿಯಲ್ಲಿ "ನನ್ನ ಗುರಿ" ಎಂಬ ಪ್ರಬಂಧ ಬರೆಯಲು ಕೊಟ್ಟಾಗ ಒಂದೇ ವಾಕ್ಯ ಬರೆದಿದ್ದಳು: "ನಾನು ದೊಡ್ಡವಳಾದ ಮೇಲೆ ಪ್ರಬಂಧ ಬರಿ ಎಂದು ನನಗೆ ಯಾರೂ ಹೇಳಬಾರದು." ಕರ್ತೃ, ಕರ್ಮ, ಕ್ರಿಯಾಪದ ಎಲ್ಲವೂ ಸರಿಯಾಗಿದ್ದವು. ಅಂಕ ಕಳೆಯಲು ನನಗೆ ಕಾರಣ ಸಿಗಲಿಲ್ಲ. ಅದೇ ವಾರ ಶಾಲೆಯ ವಿದ್ಯುತ್ ಗಂಟೆಯನ್ನು ಬಿಚ್ಚಿ ನೋಡಿ ಮತ್ತೆ ಜೋಡಿಸಿದಳು. ಆಮೇಲೆ ಅದು ಊಟದ ಬಿಡುವಿಗೆ ಐದು ನಿಮಿಷ ಮೊದಲೇ ಮೊಳಗತೊಡಗಿತು. ನಾವು ಯಾರೂ ದೂರು ಕೊಡಲಿಲ್ಲ.

ನಮ್ಮ ಬಾತ್‌ವೆಲ್‌ನಂಥ ಚಳಿಯ ಊರಿನಲ್ಲಿ ಪಾದ್ರಿ ಇಲ್ಲದೆ ತಿಂಗಳು ಕಳೆಯಬಹುದು, ಕೆರಿನ್ ಇಲ್ಲದೆ ನಡುಚಳಿಗಾಲದ ಜೂನ್ ಕಳೆಯಲಾಗದು. ಬಾಯ್ಲರಿನಿಂದ ಬಿಸಿನೀರು ಕೊಳವೆಗಳಲ್ಲಿ ಹರಿದು ಕೋಣೆಕೋಣೆಯ ರೇಡಿಯೇಟರುಗಳನ್ನು ಕಾಯಿಸುವ ವ್ಯವಸ್ಥೆ ಇಲ್ಲಿ ಎಷ್ಟು ಮನೆಗಳಲ್ಲಿದೆಯೋ ಅಷ್ಟೂ ಅವಳ ಕೈಯಲ್ಲಿವೆ. ಅವುಗಳ ಮಿದುಳು ಗೋಡೆಯ ಮೇಲಿನ ಒಂದು ಬಿಳಿ ಪೆಟ್ಟಿಗೆ. ಒಳಗಿನ ಸೆನ್ಸರು ಮನೆ ಎಷ್ಟು ಬೆಚ್ಚಗಿದೆ ಎಂದು ಅದಕ್ಕೆ ಹೇಳುತ್ತದೆ, ಹೊರಗೋಡೆಯ ಸೆನ್ಸರು ಹೊರಗೆ ಎಷ್ಟು ಚಳಿಯಿದೆ ಎಂದು ಹೇಳುತ್ತದೆ. ಎರಡನ್ನೂ ಕೇಳಿಕೊಂಡು, ಬಾಯ್ಲರು ಉರಿಯಬೇಕೋ ಬೇಡವೋ ಎಂದು ಪೆಟ್ಟಿಗೆ ತೀರ್ಮಾನ ಕೊಡುತ್ತದೆ.

ಹೋದ ಜೂನ್‌ನಲ್ಲಿ ಆ ತೀರ್ಮಾನ ಕೆಟ್ಟದ್ದು ನನ್ನ ಪಕ್ಕದ ಮನೆಯ ಐಲ್ಸಾಳಲ್ಲಿ. ಐಲ್ಸಾಳಿಗೆ ಎಂಬತ್ತೊಂದು. ಕುರಿ ಉಣ್ಣೆ ಕತ್ತರಿಸುವವರಿಗೆ ಮೂವತ್ತು ವರ್ಷ ಅಡುಗೆ ಮಾಡಿ ಹಾಕಿದವಳು. ಹಾಗಾಗಿ ಅವಳ ಮಾತಿನಲ್ಲಿ ಉಪ್ಪು ಖಾರ ಸ್ವಲ್ಪ ಹೆಚ್ಚು.

"ಮೋಡ ಇದ್ರೆ ಮನೆ ಬೆಚ್ಚಗಿರತ್ತೆ. ಬಿಸಿಲು ಬಂತು ಅಂದ್ರೆ ಬಾಯ್ಲರ್ ಸತ್ತುಹೋಗತ್ತೆ. ಹಿಂದಿನ ಜನ್ಮದಲ್ಲಿ ಇದು ಬಾವಲಿಯಾಗಿತ್ತೋ ಏನೋ!" ಎಂದಳು.

ಅವಳ ಅಳಿಯ ಡೀನ್ ನಂಬಲಿಲ್ಲ. "ಅತ್ತೇ, ನೀವು ಕಿಟಕಿ ತೆಗೆದಿಟ್ಟಿರ್ತೀರ."

"ನಿನ್ನ ಬಾಯಿ ಬಿಟ್ರೆ ಈ ಮನೇಲಿ ಬೇರೇನೂ ತೆರೆದಿಲ್ಲ ಕಣೋ."

ಕೆರಿನ್ ಒಂದು ಮಂಗಳವಾರದ ಮಧ್ಯಾಹ್ನ ಬಂದಳು. ಆ ಬಾಯ್ಲರು ಅವಳು ಸ್ವಂತವಾಗಿ ಕೂರಿಸಿದ ಮೊಟ್ಟಮೊದಲನೆಯದು. ಹತ್ತೊಂಬತ್ತು ವರ್ಷದ ಹಿಂದೆ, ತಂತಿ ಕೆಲಸ ಕಲಿಸಿದ ಗುರುವಿನ ಕೈಕೆಳಗಿನಿಂದ ಹೊರಬಿದ್ದ ತಿಂಗಳು. ಬೇರೆಯವರಿಗೆ ಮೊದಲ ಪ್ರೇಮ ನೆನಪಿರುತ್ತದೆ. ಕೆರಿನ್‌ಗೆ ಮೊದಲ ಗಂಡನ ಹುಟ್ಟುಹಬ್ಬವೂ ನೆನಪಿಲ್ಲ, ಐಲ್ಸಾಳ ಬಾಯ್ಲರಿನ ಕ್ರಮಸಂಖ್ಯೆ ಬಾಯಿಪಾಠ.

ಮುಚ್ಚಳ ಬಿಚ್ಚಿದಳು. ಕನ್ನಡಕ ಇಳಿಸಿದಳು. "ಯಾವ ಪುಣ್ಯಾತ್ಮ ಇದನ್ನ ಮಾಡಿದ್ದು?"

"ನನ್ನ ಗಂಡ," ಎಂದಳು ಐಲ್ಸಾ. "ದೇವರ ಪಾದ ಸೇರಿದ್ದಾನೆ, ಜೋರಾಗೇ ಬೈ."

ತೀರಿಕೊಂಡ ಕೋಲ್ ರಿಪೇರಿ ಮಾಡುವುದರಲ್ಲಿ ಬಹಳ ಉತ್ಸಾಹಿ. ಒಳಗಿನ ಸೆನ್ಸರಿನ ತಂತಿಯನ್ನು ಬ್ರೆಡ್ ಚೀಲಕ್ಕೆ ಬಿಗಿಯುವ ತಂತಿಯಿಂದ ಗಂಟು ಹಾಕಿದ್ದ. ಸೆನ್ಸರನ್ನು ಟೀವಿಯ ಹಿಂದಕ್ಕೆ ಸಾಗಿಸಿದ್ದ, ಗೋಡೆ ಅಂದವಾಗಿ ಕಾಣಲೆಂದು. ಟೀವಿ ಕಾದರೆ ಸೆನ್ಸರು ಮನೆಯೇ ಕಾದಿದೆ ಎಂದು ತಿಳಿಯುತ್ತಿತ್ತು.

"ಸಿಕ್ತು ನೋಡಿ!" ಎಂದು ಕೆರಿನ್ ಗಂಟು ಕತ್ತರಿಸಿದಳು, ಹೊಸ ತಂತಿ ಎಳೆದಳು, ಸೆನ್ಸರನ್ನು ಹಜಾರದ ಗೋಡೆಗೆ ತಂದಳು. ಮೀಟರು ಹಿಡಿದು ಒಂದೊಂದು ತುದಿಯನ್ನೂ ಪರೀಕ್ಷಿಸಿದಳು. ಹೊರಗಿನ ಸೆನ್ಸರಿನ ಹತ್ತಿರ ಮಾತ್ರ ಹೋಗಲಿಲ್ಲ.

"ಅದನ್ನು ನೋಡುವುದಿಲ್ಲವೇ?" ಎಂದು ಕೇಳಿದೆ.

"ಅದು ನಾನೇ ಹಾಕಿದ್ದು ಮೇಷ್ಟ್ರೇ," ಎಂದಳು, ಮಾತು ಅಲ್ಲಿಗೆ ಮುಗಿಯಿತು ಎನ್ನುವಂತೆ.

ಬುಧವಾರ ಮೋಡ. ಮನೆ ಬೆಚ್ಚಗಿತ್ತು, ಐಲ್ಸಾ ಚಿಪ್ಪುಮೀನು ತುಂಬಿದ ಸ್ಕಾಲಪ್ ಪೈ ಮಾಡಿ ಹಂಚಿದಳು. ಗುರುವಾರ ಹೊಳೆಯುವ ಬಿಸಿಲು, ಹುಲ್ಲಿನ ಮೇಲೆ ಬಿಳಿಯ ಹಿಮ. ಹತ್ತು ಗಂಟೆಗೆ ಬಾಯ್ಲರು ನಿಂತಿತು.

ಡೀನ್ ಫೋನಿನಲ್ಲಿ ಕೆರಿನ್‌ಗೆ ಹೇಳಿದ್ದು ನನ್ನ ಮನೆಯವರೆಗೂ ಕೇಳಿಸಿತು. "ಸಾಕಮ್ಮಾ! ನಾಳೆ ಮಧ್ಯಾಹ್ನ ಹೋಬಾರ್ಟ್‌ನಿಂದ ಜನ ಬರ್ತಾರೆ. ಬಾಯ್ಲರು, ಕೊಳವೆ, ಎಲ್ಲಾ ಕಿತ್ತು ಕಸಕ್ಕೆ. ನಿನ್ನ ಮ್ಯೂಸಿಯಂ ಇನ್ನೆಷ್ಟು ದಿನ ಇಟ್ಕೊಳ್ಳೋದು?"

ಶುಕ್ರವಾರ ಬೆಳಿಗ್ಗೆ ಎಂಟಕ್ಕೇ ಕೆರಿನ್ ಬಂದಳು. ಮುಖ ಊದಿತ್ತು. "ನನ್ನ ಮೊದಲನೇ ಕೆಲಸ ಮೇಷ್ಟ್ರೇ. ಅದನ್ನ ಕಸದ ಗುಡ್ಡೇಲಿ ನೋಡಕ್ಕೆ ನನ್ನ ಕೈಲಾಗಲ್ಲ. ಬನ್ನಿ, ಏಣಿ ಹಿಡ್ಕೊಳ್ಳಿ."

ಏಣಿ ಹಿಡಿಯುವ ಮೊದಲು ನಾವು ಪೆಟ್ಟಿಗೆಯ ಮುಂದೆ ಕುರ್ಚಿ ಹಾಕಿ ಕುಳಿತೆವು, ರೋಗಿಯ ಪಕ್ಕದಲ್ಲಿ ನೆಂಟರು ಕುಳಿತ ಹಾಗೆ. ಕೆರಿನ್ ಹೊರಗಿನ ಸೆನ್ಸರಿನ ಅಂಕಿಯನ್ನು ಪರದೆಗೆ ತಂದಳು. ಎಂಟೂವರೆಗೆ ಒಂದು ಡಿಗ್ರಿ. ಒಂಬತ್ತಕ್ಕೆ ಮೂರು. ಒಂಬತ್ತೂವರೆಗೆ ಹನ್ನೊಂದು. ಹತ್ತಕ್ಕೆ ಇಪ್ಪತ್ತೆರಡು. ಟಕ್ ಎಂದು ಬಾಯ್ಲರು ಆರಿತು.

ಐಲ್ಸಾ ಕಿಟಕಿಯಿಂದ ಬಗ್ಗಿ ನೋಡಿದಳು. "ನಾಯಿಯ ನೀರಿನ ಬಟ್ಟಲಲ್ಲಿ ಐಸ್ ಹಾಗೇ ಇದೆ. ಇದಕ್ಕೆ ಎಲ್ಲಿಂದ ಬಂತೇ ಬೇಸಿಗೆ?"

ಕೆರಿನ್ ಏಣಿ ಎತ್ತಿಕೊಂಡು ಹೊರಗೆ ಹೋದಳು. ನಾನು ಏಣಿ ಹಿಡಿದೆ. ಉತ್ತರ ಗೋಡೆಯ ನಡುವೆ ಆ ಪುಟ್ಟ ಬಿಳಿ ಸೆನ್ಸರು ಎಳೆಬಿಸಿಲಿಗೆ ಮೈಯೊಡ್ಡಿ ಕುಳಿತಿತ್ತು, ಪಿಂಚಣಿದಾರನ ಹಾಗೆ.

ನಮ್ಮಲ್ಲಿ ಸೂರ್ಯ ಉತ್ತರದ ಆಕಾಶದಲ್ಲಿ ನಡೆಯುತ್ತಾನೆ. ಬಟ್ಟೆ ಒಣಗಿಸಲು ಉತ್ತರದ ಅಂಗಳ, ಮುದುಕರು ಕೂರಲು ಉತ್ತರದ ಜಗುಲಿ. ಇದು ಇಲ್ಲಿನ ಕುರಿಗೂ ಗೊತ್ತು.

"ಉತ್ತರಕ್ಕೆ ಯಾಕೆ ಹಾಕಿದೆ ಮಗೂ?"

"ಬಾಯ್ಲರ್ ಜೊತೆ ಬಂದ ಪುಸ್ತಕದಲ್ಲಿ ಹಾಗೇ ಇತ್ತು." ಅವಳ ದನಿ ಸಣ್ಣಗಾಯಿತು. "ಸೆನ್ಸರನ್ನು ಬಿಸಿಲು ಬೀಳದ ಉತ್ತರದ ಗೋಡೆಗೆ ಕೂರಿಸತಕ್ಕದ್ದು ಅಂತ."

ಬಾಯ್ಲರು ಬಂದದ್ದು ಭೂಮಿಯ ಆ ತುದಿಯ ದೇಶದಿಂದ, ಅಲ್ಲಿ ಸೂರ್ಯ ದಕ್ಷಿಣದಲ್ಲಿ ನಡೆಯುತ್ತಾನೆ. ಪುಸ್ತಕ ಬರೆದವನಿಗೆ ಉತ್ತರವೆಂದರೆ ನೆರಳು. ಇಪ್ಪತ್ತನಾಲ್ಕರ ಕೆರಿನ್‌ಗೆ ಪುಸ್ತಕ ಮೀರಿ ಒಂದು ಮೊಳೆ ಹೊಡೆಯುವ ಧೈರ್ಯವಿರಲಿಲ್ಲ. ಮೇಲಾಗಿ ಆಗ ಅಲ್ಲಿ ಎರಡಾಳೆತ್ತರದ ಸೈಪ್ರಸ್ ಮರಗಳ ಬೇಲಿಯಿತ್ತು. ಮಧ್ಯಾಹ್ನವೂ ಕತ್ತಲೆ. ಹತ್ತೊಂಬತ್ತು ವರ್ಷ ಆ ಬೇಲಿ ಅವಳ ಮಾನ ಕಾಯಿತು. ಆ ಜೂನ್‌ಗೆ ಮುಂಚಿನ ಬೇಸಿಗೆಯಲ್ಲಿ, ಅತ್ತೆಗೆ ನದಿ ಕಾಣಲೆಂದು, ಡೀನ್ ಗರಗಸ ತಂದು ಅದನ್ನು ಬುಡಕ್ಕೆ ಕಡಿದಿದ್ದ.

ಏಣಿಯ ಮೇಲಿಂದ ಕೆರಿನ್ ಆ ಬೊಡ್ಡೆಗಳ ಸಾಲನ್ನು ಬಹಳ ಹೊತ್ತು ನೋಡಿದಳು. ಅವಳ ಮನಸ್ಸಿನಲ್ಲಿ ಏನಿತ್ತೆಂದು ನನಗೆ ಗೊತ್ತಾಯಿತು. ಗಂಟೆ ಬಿಚ್ಚಿದ ದಿನವೂ ಹೀಗೆಯೇ ನಿಂತಿದ್ದಳು. ಬೇಲಿ ಕಡಿದವನ ತಲೆಗೆ ಎಲ್ಲವನ್ನೂ ಕಟ್ಟಿದರೆ ಮುಗಿಯಿತು. ಪೂರ್ತಿ ಸುಳ್ಳೂ ಅಲ್ಲ.

ಅಷ್ಟರಲ್ಲಿ ಡೀನ್‌ನ ಕಾರು ಬಂತು. ಇಳಿಯುತ್ತಲೇ ಕೇಳಿದ, "ಹೂಂ, ಈ ಸಲ ಯಾವ ಪುಣ್ಯಾತ್ಮ?"

ಕೆರಿನ್ ಸೆನ್ಸರಿನ ಮುಚ್ಚಳ ತೆಗೆದು ಅವನ ಕೈಗೆ ಕೊಟ್ಟಳು. ಒಳಗೆ ಪೆನ್ಸಿಲಿನಲ್ಲಿ, ಕೋಳಿ ಕೆದರಿದಂಥ ಅಕ್ಷರದಲ್ಲಿ ಅವಳದೇ ಸಹಿ. ಆ ಕೈಬರಹ ತಿದ್ದಲಾರದೆ ನಾನೇ ಸೋತಿದ್ದೆ.

"ನಾನೇ ಕಣೋ ಆ ಪುಣ್ಯಾತ್ಗಿತ್ತಿ," ಎಂದಳು. "ನಿನ್ನ ಮಾವನ್ನ ಸುಮ್ಸುಮ್ನೆ ಬೈದೆ. ಬಾಯ್ಲರ್‌ಗೆ ಏನೂ ಆಗಿಲ್ಲ. ಬಿಸಿಲಿಗೆ ಕೂರಿಸಿ ಚಳಿ ಎಷ್ಟು ಅಂತ ಕೇಳಿದ್ದು ನಾನು. ಅರ್ಧ ಗಂಟೆ ಕೊಡು, ದಕ್ಷಿಣಕ್ಕೆ ಹಾಕ್ತೀನಿ. ಆಮೇಲೂ ನಿಂತ್ರೆ ಕಿತ್ಕೊಂಡು ಹೋಗು, ನಾನೇ ಸ್ಪ್ಯಾನರ್ ಕೊಡ್ತೀನಿ."

ಡೀನ್ ಬೊಡ್ಡೆಗಳ ಕಡೆ ನೋಡಿ ಕಿವಿ ತುರಿಸಿಕೊಂಡ. ಬೇಲಿಯ ಸುದ್ದಿ ಎತ್ತಲಿಲ್ಲ.

ಕಿಟಕಿಯಿಂದ ಐಲ್ಸಾ ಕೂಗಿದಳು, "ಅವತ್ತೇ ಅಂದ್ಕೊಂಡೆ ಕಣೇ, ಬಿಸಿಲ ಗೋಡೆಗೆ ಯಾಕೆ ಹೊಡೀತಾಳೆ ಅಂತ!"

"ಹೇಳೋದಲ್ವಾ ಅಜ್ಜಿ?"

"ಪುಸ್ತಕ ಕೈಲಿ ಹಿಡ್ಕೊಂಡಿದ್ಯಲ್ಲ. ಓದಿರೋಳು ಅಂತ ಸುಮ್ಮನಾದೆ."

ಹನ್ನೊಂದಕ್ಕೆ ದಕ್ಷಿಣ ಗೋಡೆಯ ಸೆನ್ಸರು ನಾಲ್ಕು ಡಿಗ್ರಿ ಎಂದಿತು. ಬಾಯ್ಲರು ಹೊತ್ತಿಕೊಂಡಿತು. ಒಂದರ ಹೊತ್ತಿಗೆ ಐಲ್ಸಾ ಸ್ವೆಟರ್ ತೆಗೆದಳು, ಡೀನ್ ಹೋಬಾರ್ಟ್‌ಗೆ ಫೋನು ಮಾಡಿ ಬರಬೇಡಿರೆಂದ.

ಕೆರಿನ್ ಸಾಮಾನು ಕಟ್ಟಿದಳು, ಆದರೆ ಹೊರಡಲಿಲ್ಲ. ಗೇಟಿನ ಬಳಿ ನಿಂತು ನನ್ನನ್ನೇ ನೋಡಿದಳು.

"ಮೇಷ್ಟ್ರೇ, ಪುಸ್ತಕದಲ್ಲಿ ಇದ್ದಂಗೇ ಮಾಡು ಅಂತ ನಂಗೆ ಹೇಳ್ಕೊಟ್ಟೋರು ಯಾರು?"

"ನಾನೇ."

"ಆ ವರ್ಷ ನಾನು ಹಾಕಿದ ಎರಡನೇ ಬಾಯ್ಲರ್ ಯಾರ ಮನೇದು?"

ನಾನು ನನ್ನ ಮನೆಯ ಕಡೆ ತಿರುಗಿ ನೋಡಿದೆ. ನನ್ನ ಉತ್ತರದ ಗೋಡೆಗೆ ಹಬ್ಬಿದ್ದ ಗುಲಾಬಿ ಬಳ್ಳಿಯನ್ನು ಮೂರು ವರ್ಷದ ಹಿಂದೆ ತೆಗೆಸಿದ್ದೆ.

"ಬಿಸಿಲಿರೋ ದಿನ ನಿಮಗೆ ಚಳಿ ಆಗಲ್ವಾ?"

"ಆಗುತ್ತದೆ," ಎಂದೆ. "ವಯಸ್ಸಾಯಿತು ಎಂದುಕೊಂಡಿದ್ದೆ."

ಕೆರಿನ್ ಏಣಿಯನ್ನು ಹೆಗಲಿಗೇರಿಸಿ ನನ್ನ ಅಂಗಳಕ್ಕೆ ನಡೆದಳು. ಸೆನ್ಸರಿನ ಮುಚ್ಚಳ ಬಿಚ್ಚಿ, ಕನ್ನಡಕ ಇಳಿಸಿ, ಅಭ್ಯಾಸಬಲದಿಂದ ಬಾಯಿ ತೆರೆದಳು. ಆಮೇಲೆ ಮುಚ್ಚಿದಳು.